ಕವರ್ ಮೇಲೆ ಯಾರ ಹೆಸರು?

ಹಳೇ ಹೋರಾಟದ ಹಾಡುಗಳ ಕ್ಯಾಸೆಟ್‌ಗಳನ್ನ ಹೊಸ ಡಿಸೈನ್ ಮಾಡಿ ಮತ್ತೆ ಬಿಡೋಣ ಅನ್ನೋರು ಈ ಚರಿತ್ರೆ ಒಮ್ಮೆ ನೋಡಿ.

1973ರ ಏಪ್ರಿಲ್. ಜಮೈಕಾದ ಕಪ್ಪು ಹುಡುಗರ ತಂಡ ‘ದಿ ವೇಲರ್ಸ್’. ಅವರ ‘ಕ್ಯಾಚ್ ಎ ಫೈರ್’ ಆಲ್ಬಮ್ ತಂದಿದ್ದು ಐಲೆಂಡ್ ರೆಕಾರ್ಡ್ಸ್. ಕವರ್ ಜಿಪ್ಪೋ ಲೈಟರ್ ಥರ. ಮುಚ್ಚಳ ಎತ್ತಿದ್ರೆ ಒಳಗೆ ಬೆಂಕಿ. ಅದರ ಮೇಲೆ ಯಾರೊಬ್ಬರ ಮುಖವೂ ಇರಲಿಲ್ಲ. ಆದರೆ ಕೈಯಲ್ಲೇ ರಿವೆಟ್ ಹೊಡೀಬೇಕು, ಖರ್ಚು ಜಾಸ್ತಿ. ಸುಮಾರು 20,000 ಪ್ರತಿಗೆ ಅದು ನಿಂತುಹೋಯ್ತು.

ಮರುಮುದ್ರಣಕ್ಕೆ ಬಂದಿದ್ದು ಎಸ್ತರ್ ಆಂಡರ್ಸನ್ ತೆಗೆದ ಬಾಬ್ ಮಾರ್ಲಿ ಫೋಟೋ. ತಂಡದ ಹೆಸರೂ ‘ಬಾಬ್ ಮಾರ್ಲಿ ಅಂಡ್ ದಿ ವೇಲರ್ಸ್’ ಆಯ್ತು. ಅದೇ ಆಲ್ಬಮ್ಮಿನ ‘400 ಇಯರ್ಸ್’ ಬರೆದು ಹಾಡಿದ ಪೀಟರ್ ಟಾಶ್, ಜೊತೆಗಾರ ಬನ್ನಿ ವೇಲರ್ ಇಬ್ಬರೂ ‘ಅಂಡ್’ ಪಕ್ಕಕ್ಕೆ ಸರಿದರು. ಲಂಡನ್ನಿನಲ್ಲಿ ಸೇರಿಸಿದ ಗಿಟಾರ್, ಕೀಬೋರ್ಡ್ ಇಲ್ಲದ ಮೂಲ ಜಮೈಕಾ ರೂಪ ಜನಕ್ಕೆ ಸಿಕ್ಕಿದ್ದು 2001ರ ಡಿಲಕ್ಸ್ ಆವೃತ್ತಿಯಲ್ಲಿ. 28 ವರ್ಷ ಬೇಕಾಯ್ತು!

ಮಾರ್ಲಿ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಕ್ಯಾಸೆಟ್‌ಗಳಲ್ಲೂ ಒಂದು ‘ಅಂಡ್’ ಇದೆ: ‘ಮತ್ತು ಸಂಗಡಿಗರು’. ತಮಟೆ ಬಡಿದ ಅಣ್ಣಂದಿರು, ದನಿಗೂಡಿಸಿದ ಅಕ್ಕಂದಿರು ಎಲ್ಲಾ ಅದರೊಳಗೇ ಹೂತುಹೋಗಿದ್ದಾರೆ. ಬದುಕಿರೋರನ್ನ ಕೇಳಿ ಮೊದಲು ಹೆಸರು ಬರ್ಕೊಳ್ಳಿ. ಬಣ್ಣ, ಲೋಗೋ ಆಮೇಲೆ.