ಆವಿಲದ ಕೋಟೆ, ಆವಿಲದ ಊಟ

ಅಕ್ಟೋಬರ್ 15ರಂದು ನಾವು ಹಬ್ಬ ಆಚರಿಸುವ ಸಂತ ತೆರೇಸಮ್ಮನವರ ಊರು ಸ್ಪೇನ್ ದೇಶದ ಆವಿಲ. ಸುಮಾರು 2.5 ಕಿಲೋಮೀಟರ್ ಸುತ್ತಳತೆಯ ಕಲ್ಲಿನ ಕೋಟೆ ಇಂದಿಗೂ ಹಳೆಯ ಊರನ್ನು ಬಳಸಿ ನಿಂತಿದೆ. ಕೋಟೆ ನೋಡಿ ದಣಿದ ಯಾತ್ರಿಕರಿಗೆ ಅಲ್ಲಿನ ಹೋಟೆಲುಗಳಲ್ಲಿ ಬಾರ್ಕೊ ಸೀಮೆಯ ಬೀನ್ಸ್ ಕಾಳನ್ನು ಹಂದಿಮಾಂಸದ ಚೊರಿಸೊ ಹಾಕಿ ಬೇಯಿಸಿ ಬಿಸಿಬಿಸಿ ಬಡಿಸುತ್ತಾರೆ. (ನಮ್ಮ ಗೋವೆಯ ಚೌರಿಸ್ ಇದರ ಬಳಗವೇ!)

ಆದರೆ ಪ್ರಿಯ ಓದುಗರೇ, ಆ ನಾಡಿನಲ್ಲಿ ಹಂದಿಮಾಂಸಕ್ಕೆ ನೋವಿನ ಕಥೆಯೊಂದಿದೆ. ಯೆಹೂದ್ಯ ಮೂಲದ ಕ್ರೈಸ್ತರ ಒಲೆಯ ಮೇಲೆ ನೆರೆಯವರ ಕಣ್ಣಿತ್ತು. ಹಂದಿ ತಿನ್ನದವನು ಗುಟ್ಟಾಗಿ ಯೆಹೂದ್ಯನೇ ಇರಬೇಕೆಂಬ ಸಂಶಯ! ತೆರೇಸಮ್ಮನವರ ಅಜ್ಜ ಹುವಾನ್ ಸಾಂಚೆಸ್ ಅಂಥದೇ ಮೂಲದ ಬಟ್ಟೆ ವ್ಯಾಪಾರಿ. 1485ರಲ್ಲಿ ಇಂಕ್ವಿಜಿಷನ್ ನ್ಯಾಯಮಂಡಳಿ ಅವರಿಗೆ ಪ್ರಾಯಶ್ಚಿತ್ತದ ಅಂಗಿ ತೊಡಿಸಿ, ಏಳು ಶುಕ್ರವಾರ ಟೊಲೆಡೊ ನಗರದ ಚರ್ಚ್‌ಗಳಿಗೆ ಮೆರವಣಿಗೆ ಮಾಡಿಸಿತು. ಆಮೇಲೆ ಕುಟುಂಬ ಆವಿಲಕ್ಕೆ ಬಂದು ನೆಲೆಸಿತು. ಈ ದಾಖಲೆಗಳು ಬೆಳಕಿಗೆ ಬಂದದ್ದು 1940ರ ದಶಕದಲ್ಲಿ. ಧರ್ಮಸಭೆಯ ಮಕ್ಕಳಾದ ನಾವು ಇದನ್ನು ಮುಚ್ಚಿಡಬೇಕಿಲ್ಲ.

ಆ ಅಜ್ಜನ ಮೊಮ್ಮಗಳು 1562ರಲ್ಲಿ ನಾಲ್ವರು ಕನ್ಯೆಯರೊಡನೆ ಸಂತ ಜೋಸೆಫರ ಮಠ ಆರಂಭಿಸಿದರು. ಅಲ್ಲಿ ರೋಗಿಗಳ ಹೊರತು ಯಾರಿಗೂ ಮಾಂಸವಿಲ್ಲ. ವಂಶದ ಹೆಮ್ಮೆಗೂ ಜಾಗವಿಲ್ಲ. ನಗರಸಭೆ ದಾವೆ ಹೂಡಿದರೂ ಅವರು ಬಗ್ಗಲಿಲ್ಲ. 1970ರಲ್ಲಿ ಜಗದ್ಗುರು ಆರನೇ ಪೌಲರು ಅವರನ್ನು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು; ಮಹಿಳೆಯರಲ್ಲಿ ಅವರೇ ಮೊದಲಿಗರು.

ಇಂದು ಊರಿನ ಮಿಠಾಯಿ ಅಂಗಡಿಗಳಲ್ಲಿ 'ಸಂತ ತೆರೇಸಮ್ಮನ ಯೆಮಾ' ಸಿಗುತ್ತದೆ. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ಕಾಯಿಸಿ ಕಟ್ಟಿದ ಪುಟ್ಟ ಉಂಡೆ, ಬಲು ಸಿಹಿ. ಒಂದು ಪೆಟ್ಟಿಗೆ ಕೊಂಡು ಕೋಟೆಯ ಹೊರಗೆ ನಡೆದರೆ ಆ ಮಠ ಸಿಗುತ್ತದೆ.