ಒಂದು ಮನೆ, ಮೂರು ವಿಶ್ವಾಸಗಳು

ಮನುಷ್ಯನ ಧರ್ಮವನ್ನು ನಿರ್ಧರಿಸುವುದು ಯಾವುದು? ಹುಟ್ಟಿದ ಮನೆಯೇ, ಆಳುವ ದೊರೆಯೇ, ಅವನದೇ ಹೃದಯವೇ? ಸಾಲಗಾಮೆಯಲ್ಲಿ ಕುಳಿತು ಇದನ್ನು ಚಿಂತಿಸುವವರು ದೂರ ಹೋಗಬೇಕಿಲ್ಲ. ಹಾಸನ ಜಿಲ್ಲೆಯ ಹೊಯ್ಸಳ ಶಾಸನಗಳನ್ನು ನೋಡಿದರೆ ಸಾಕು.

ರಾಣಿ ಶಾಂತಲಾದೇವಿಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ತಾಯಿಯ ದಾರಿ ಹಿಡಿದಳು. ಪತಿ ವಿಷ್ಣುವರ್ಧನನು ರಾಮಾನುಜಾಚಾರ್ಯರ ಪ್ರಭಾವದಿಂದ ಜೈನಮತ ತೊರೆದು ವೈಷ್ಣವನಾದನೆಂದು ಪ್ರತೀತಿ. 1117ರಲ್ಲಿ ಬೇಲೂರಿನ ದೇವಾಲಯ ಪ್ರತಿಷ್ಠೆಗೊಂಡಿತು. ರಾಣಿ ಮಾತ್ರ ಕದಲಲಿಲ್ಲ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ದಂಡನಾಯಕ ಗಂಗರಾಜನೂ ಜೈನನಾಗಿಯೇ ಉಳಿದನು.

ಅರಸನು ಜೈನರನ್ನು ಗಾಣಕ್ಕೆ ಹಾಕಿಸಿದನೆಂಬ ಕಥೆಯೂ ಉಂಟು. ಇಂಥ ಕಥೆಗಳು ಶಾಸನಗಳಿಗಿಂತ ಬೇಗ ಹರಡುತ್ತವೆ! ಶಾಸನ ಹೇಳುವುದೇ ಬೇರೆ. ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗೆ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಯ ಪ್ರಸಾದವನ್ನು 1133ರಲ್ಲಿ ಬಂಕಾಪುರದಲ್ಲಿದ್ದ ಅರಸನಿಗೆ ಒಯ್ಯಲಾಯಿತು. ಅದೇ ವೇಳೆಗೆ ಅವನಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒದಗಿದ್ದವು. ಅವನು ಅದನ್ನು ಆದರದಿಂದ ಸ್ವೀಕರಿಸಿ, ಅಲ್ಲಿನ ಮೂರ್ತಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು.

ತೌಹೀದನ್ನು ನಂಬಿದ ನಾವು ಇವರಾರ ಆರಾಧನೆಯನ್ನೂ ಒಪ್ಪುವವರಲ್ಲ. ಆದರೆ ಅರಮನೆಯ ಬಲವೂ ರಾಣಿಯ ಹೃದಯವನ್ನು ಬದಲಿಸಲಿಲ್ಲವೆಂಬುದನ್ನು ಗಮನಿಸಬೇಕು. ಪವಿತ್ರ ಕುರ್‌ಆನಿನ ಅತ್ತಹ್ರೀಮ್ ಅಧ್ಯಾಯದಲ್ಲಿ ಫಿರ್‌ಔನನ ಪತ್ನಿ ಸತ್ಯವಿಶ್ವಾಸಿಗಳಿಗೆ ಮಾದರಿ. ಪ್ರವಾದಿ ನೂಹ್(ಅ)ರ ಪತ್ನಿ ನಿಷೇಧಿಗಳಿಗೆ ಉದಾಹರಣೆ. ದುಷ್ಟ ದೊರೆಯ ಮನೆ ವಿಶ್ವಾಸವನ್ನು ಕಸಿಯಲಾರದೆ ಹೋಯಿತು, ಪ್ರವಾದಿಯ ಮನೆ ಅದನ್ನು ಕೊಡಿಸಲಾರದೆ ಹೋಯಿತು. ಹೀಗಿರಲು, ನಾವೇಕೆ ಮುಸ್ಲಿಮರೆಂದು ಕೇಳುವ ಮಗುವಿಗೆ, ನಮ್ಮ ಮನೆಯಲ್ಲಿ ಹುಟ್ಟಿದೆ ಎಂದಷ್ಟೇ ಹೇಳಿ ಸುಮ್ಮನಾಗಿಸುವುದು ಉತ್ತರವಾದೀತೇ?