ಅಡವಿಟ್ಟ ಚಿನ್ನ, ಏರಿದ ಗೊಬ್ಬರ

1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನ ಹತ್ತಿ ಲಂಡನ್ನಿಗೆ ಹೋಯಿತು. ಅಡವಿಟ್ಟು ಸಿಕ್ಕ ಸಾಲ ಸುಮಾರು 40 ಕೋಟಿ ಡಾಲರ್. ಕಷ್ಟಕ್ಕೆ ಮನೆಯ ಒಡವೆ ಒಯ್ಯುತ್ತೇವಲ್ಲ, ಹಾಗೇ.

ಈ ಗತಿ ಬಂದದ್ದು ಹೇಗೆ? ದೇಶದ ಮೇಲೆ ಸಾಲದ ಹೊರೆ ಮೊದಲೇ ಇತ್ತು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿದ್ದು ಗಾಯದ ಮೇಲೆ ಬರೆ. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಯಿತು. ಅಲ್ಲಿ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರು, ನಮ್ಮ ಕರಾವಳಿಯವರೂ ಸೇರಿ, ಊರಿಗೆ ವಾಪಸಾದರು. ಅವರು ಕಳಿಸುತ್ತಿದ್ದ ಹಣವೂ ನಿಂತಿತು. ತೈಲ ಕೊಳ್ಳಲು ಡಾಲರ್ ಬೇಕು, ಖಜಾನೆಯಲ್ಲಿ ಡಾಲರ್ ಇಲ್ಲ.

ಜುಲೈ 1 ಮತ್ತು 3ರಂದು ರೂಪಾಯಿ ಬೆಲೆಯನ್ನು ಎರಡು ಸಲ ಇಳಿಸಿದರು. 21 ರೂಪಾಯಿಯ ಡಾಲರ್ 26ರ ಹತ್ತಿರ ಹೋಯಿತು. ರಫ್ತು ಹೆಚ್ಚುತ್ತದೆ ಎಂದರು. ಈಗಲೂ ರೂಪಾಯಿ ಬಿದ್ದಾಗೆಲ್ಲ ಟೀವಿ ತಜ್ಞರು ಅದನ್ನೇ ಹೇಳುತ್ತಾರೆ. ರಫ್ತುದಾರನಿಗೆ ಲಾಭ ನಿಜ. ಆದರೆ ನಾವು ಕೊಳ್ಳುವ ಡೀಸೆಲ್, ಗೊಬ್ಬರ ಎರಡರ ಬೆನ್ನಿಗೂ ಡಾಲರ್ ಇದೆಯಲ್ಲ, ಅದನ್ನು ಯಾರೂ ಎತ್ತುವುದಿಲ್ಲ.

ಅದೇ ಜುಲೈ 24ರ ಬಜೆಟ್‌ನಲ್ಲಿ ಹಣಕಾಸು ಸಚಿವ ಮನಮೋಹನ್ ಸಿಂಗ್ ರಸಗೊಬ್ಬರದ ಬೆಲೆಯನ್ನು ಸರಾಸರಿ ಶೇ 40 ಏರಿಸಿದರು. ಗಲಾಟೆ ಎದ್ದ ಮೇಲೆ ಅದು ಶೇ 30ಕ್ಕೆ ಇಳಿಯಿತು.